ಮೈಲುತುತ್ತು ಬದಲಾಗಲಿಲ್ಲ, ಫ್ಲೂ ಲಸಿಕೆ ಮಾತ್ರ ಯಾಕೆ ಬದಲಾಗುತ್ತದೆ?

ಕಳೆದ ಸಂಚಿಕೆಯಲ್ಲಿ ಒಂದೇ ಒಂದು ಸಾಲು ಬರೆದಿದ್ದೆ. ಅರುವತ್ತು ದಾಟಿದವರು, ಸಕ್ಕರೆ ಕಾಯಿಲೆ ಅಥವಾ ದಮ್ಮು ಇರುವವರು ಪತ್ತನಾಜೆಗೆ (ಮೇ ಕೊನೆಯ ವಾರ) ಮೊದಲು ಫ್ಲೂ ಲಸಿಕೆ ಚುಚ್ಚಿಸಿಕೊಂಡರೆ ಒಳ್ಳೆಯದು ಎಂದು. ಅಷ್ಟಕ್ಕೇ ಇಷ್ಟು ಕಾಗದ ಬರುತ್ತದೆ ಎಂದುಕೊಂಡಿರಲಿಲ್ಲ. ಗಂಟುನೋವು, ಗ್ಯಾಸ್ಟ್ರಿಕ್ ಎಲ್ಲ ಮುಂದಿನ ತಿಂಗಳಿಗೆ ಇರಲಿ. ಈ ಸಲ ಪೂರ್ತಿ ಫ್ಲೂ.

ಪ್ರಶ್ನೆ: ನಾನು ಅಡಿಕೆ ಕೃಷಿಕ. ಅಜ್ಜನ ಕಾಲದಿಂದ ನಮ್ಮ ತೋಟಕ್ಕೆ ಅದೇ ಮೈಲುತುತ್ತು (ತಾಮ್ರದ ಸಲ್ಫೇಟ್), ಅದೇ ಸುಣ್ಣ. ಕೊಳೆರೋಗ ಇವತ್ತಿಗೂ ಅದಕ್ಕೆ ಬಗ್ಗುತ್ತದೆ. ನಿಮ್ಮ ಫ್ಲೂ ಲಸಿಕೆ ಮಾತ್ರ ವರ್ಷ ವರ್ಷ ಬೇರೆ. ಹೋದ ವರ್ಷ ಚುಚ್ಚಿಸಿದ್ದೆ. ಆದರೂ ಆಟಿಯಲ್ಲಿ (ಜುಲೈ–ಆಗಸ್ಟ್) ನಾಲ್ಕು ದಿನ ಜ್ವರ ಬಂದು ಮಲಗಿದೆ. ಇದು ಕಂಪನಿಯವರ ವ್ಯಾಪಾರ ಅಲ್ವಾ ಡಾಕ್ಟ್ರೇ? — ಕೃಷಿಕರು, ಪೆರ್ಲ

ವ್ಯಾಪಾರ ಹೌದು. ಮೈಲುತುತ್ತು ಮಾರುವವರೂ ಧರ್ಮಕ್ಕೆ ಕೊಡುವುದಿಲ್ಲವಲ್ಲ. ಆದರೆ ಲಸಿಕೆ ಬದಲಾಗುವುದು ಆ ಕಾರಣಕ್ಕೆ ಅಲ್ಲ. ನಿಮ್ಮ ಹೋಲಿಕೆ ನನಗೆ ಬಹಳ ಹಿಡಿಸಿತು. ಅದನ್ನೇ ಹಿಡಿದು ಹೇಳುತ್ತೇನೆ.

ನನ್ನ ತಂದೆಯೂ ತೋಟಕ್ಕೆ ಮದ್ದು ಬಿಡಿಸುತ್ತಿದ್ದರು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಕತ್ತಿಯ ಅಲಗು ಅದ್ದಿ ನೋಡುವುದು, ಕೆಂಪು ಹಿಡಿದರೆ ಇನ್ನಷ್ಟು ಸುಣ್ಣ ಹಾಕುವುದು. ಆ ಕತ್ತಿ ಅದ್ದುವ ಕೆಲಸ ನನ್ನದು. ಮೈಸೂರು ಸಂಸ್ಥಾನದಲ್ಲಿದ್ದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ ಅಡಿಕೆಯ ಕೊಳೆಗೆ ಈ ಮದ್ದು ಹೇಳಿಕೊಟ್ಟು ನೂರು ವರ್ಷ ದಾಟಿತು. ಇನ್ನೂ ನಡೆಯುತ್ತಿದೆ. ಯಾಕೆಂದರೆ ಮೈಲುತುತ್ತಿನಲ್ಲಿರುವ ತಾಮ್ರ ಒರಟು ಆಯುಧ. ಕೊಳೆರೋಗದ ಜೀವಿಯ ಒಳಗೆ ಹೊಕ್ಕು ಅದು ಹತ್ತು ಕಡೆ ಕೆಡಿಸುತ್ತದೆ. ತಪ್ಪಿಸಿಕೊಳ್ಳಬೇಕಾದರೆ ಆ ಹತ್ತು ಕಡೆಯೂ ಒಟ್ಟಿಗೇ ಬದಲಾಗಬೇಕು. ಅದು ಸುಲಭ ಅಲ್ಲ.

ಲಸಿಕೆ ಹಾಗಲ್ಲ. ಅದು ವೈರಸ್ಸನ್ನು ಕೊಲ್ಲುವ ಮದ್ದೇ ಅಲ್ಲ. ನಮ್ಮ ಮೈಗೆ ವೈರಸ್ಸಿನ ಅಳತೆ ತೋರಿಸುತ್ತದೆ, ಅಷ್ಟೆ. ಆ ಅಳತೆಗೆ ಸರಿಯಾಗಿ ಮೈ ಪ್ರತಿಕಾಯಗಳನ್ನು ಮಾಡಿಟ್ಟುಕೊಳ್ಳುತ್ತದೆ. ಕೆಲಸದವರ ಮುಟ್ಟಾಳೆ, ಅಂದರೆ ಅಡಿಕೆ ಹಾಳೆಯ ಟೋಪಿ ಇದೆಯಲ್ಲ, ಹಾಗೆ. ಒಬ್ಬನ ತಲೆಗೆ ಅಳತೆ ನೋಡಿ ಹಾಳೆ ಹೊಲಿದರೆ ಅವನಿಗೆ ಸರಿಯಾಗಿ ಕೂರುತ್ತದೆ. ಇನ್ನೊಬ್ಬನಿಗೆ ಜಾರುತ್ತದೆ. ಫ್ಲೂ ವೈರಸ್ಸಿನ ಮೈಮೇಲೆ ಹೀಮಗ್ಲುಟಿನಿನ್ ಎಂಬ ಮುಳ್ಳುಗಳಿವೆ. ಎಚ್1, ಎಚ್3 ಎನ್ನುವಾಗಿನ 'ಎಚ್' ಅದೇ. ಆ ಮುಳ್ಳಿಗೂ ಒಂದು ತಲೆ, ಒಂದು ಕಾಂಡ ಇದೆ. ನಮ್ಮ ಗಂಟಲಿನ ಜೀವಕೋಶವನ್ನು ಹಿಡಿದುಕೊಳ್ಳುವುದು ತಲೆಯ ತುದಿಯಲ್ಲಿರುವ ಒಂದು ಸಣ್ಣ ಗುಳಿ. ಪ್ರತಿಕಾಯ ಮುಟ್ಟಾಳೆಯ ಹಾಗೆ ತಲೆಯ ಮೇಲೆ ಕೂತರೆ ಆ ಗುಳಿ ಮುಚ್ಚಿಹೋಗುತ್ತದೆ. ವೈರಸ್ಸಿಗೆ ಹಿಡಿಯಲು ಆಗುವುದಿಲ್ಲ.

ಈಗ ಆ ತಲೆಯ ಮೇಲೆ ಒಂದು ಸಣ್ಣ ಬೊಕ್ಕೆ ಎದ್ದಿತು ಎಂದುಕೊಳ್ಳಿ. ಮುಟ್ಟಾಳೆ ಕೂರುವುದಿಲ್ಲ. ಎಷ್ಟು ಬದಲಾವಣೆ ಸಾಕು ಗೊತ್ತಾ? ಆ ಮುಳ್ಳು ಐನೂರಕ್ಕೂ ಹೆಚ್ಚು ಅಮೈನೋ ಆಮ್ಲಗಳನ್ನು ಪೋಣಿಸಿದ ಸರ. ಎಚ್3ಎನ್2 ವೈರಸ್ 1968ರಿಂದ 2003ರವರೆಗೆ ಹಲವು ಸಲ ನಮ್ಮ ಪ್ರತಿಕಾಯಗಳಿಗೆ ಗುರುತು ಸಿಗದ ಹಾಗೆ ಆಯಿತು. ಆ ದೊಡ್ಡ ಜಿಗಿತಗಳಿಗೆಲ್ಲ ಮುಖ್ಯ ಕಾರಣ ಗುಳಿಯ ಬದಿಯ ಏಳೇ ಏಳು ಜಾಗಗಳು ಎಂದು 2013ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ಕೆಲವೊಮ್ಮೆ ಒಂದೇ ಮಣಿ ಬದಲಾದರೂ ಸಾಕಾಗಿತ್ತು.

ಕಾಂಡ ಅಷ್ಟು ಬೇಗ ಬದಲಾಗುವುದಿಲ್ಲ. ಹಾಗಾದರೆ ಕಾಂಡಕ್ಕೇ ಲಸಿಕೆ ಮಾಡಬಾರದಾ ಎಂದು ನೀವು ಕೇಳುತ್ತೀರಿ. ಅದೇ ಪ್ರಯತ್ನ ನಡೆಯುತ್ತಿದೆ. ಆದರೆ ನಮ್ಮ ಮೈಗೆ ಮೊದಲು ಕಣ್ಣಿಗೆ ಬೀಳುವುದು ತಲೆಯೇ. ಕಾಂಡವನ್ನು ಗಮನಿಸುವ ಹಾಗೆ ಅದನ್ನು ಪಳಗಿಸುವುದು ಕಷ್ಟದ ಕೆಲಸ.

ಇನ್ನು ನಿಮ್ಮ ಆಟಿಯ ಜ್ವರ. ಅದು ಫ್ಲೂ ಎಂದು ಯಾರು ಹೇಳಿದರು? ಪರೀಕ್ಷೆ ಮಾಡಿಸಿದ ಬಗ್ಗೆ ಕಾಗದದಲ್ಲಿ ಏನೂ ಇಲ್ಲ. ಮಳೆಗಾಲದಲ್ಲಿ ನಮ್ಮೂರಲ್ಲಿ ಡೆಂಗಿ ಇದೆ, ಇಲಿಜ್ವರ ಇದೆ. ಶೀತ ತರುವ ಬೇರೆ ವೈರಸ್ಸುಗಳು ಎಷ್ಟೋ ಇವೆ. ಫ್ಲೂ ಲಸಿಕೆ ಅವುಗಳಲ್ಲಿ ಒಂದನ್ನೂ ತಡೆಯುವುದಿಲ್ಲ. ಫ್ಲೂವನ್ನು ಕೂಡ ಪೂರ್ತಿ ತಡೆಯುವುದಿಲ್ಲ. ಹೊಂದಿಕೆ ಚೆನ್ನಾಗಿರುವ ವರ್ಷ, ಡಾಕ್ಟರ ಹತ್ತಿರ ಹೋಗುವಷ್ಟು ಫ್ಲೂ ಬರುವ ಸಂಭವವನ್ನು ನೂರಕ್ಕೆ 40ರಿಂದ 60ರಷ್ಟು ಇಳಿಸುತ್ತದೆ. ಬಂದರೂ ಆಸ್ಪತ್ರೆಯ ಹಾಸಿಗೆಯವರೆಗೆ ಹೋಗುವುದನ್ನು ಕಡಿಮೆ ಮಾಡುತ್ತದೆ. ನೀವು ಮದ್ದು ಬಿಟ್ಟ ವರ್ಷ ಒಂದೂ ಅಡಿಕೆ ಉದುರುವುದಿಲ್ಲವಾ?

ಪ್ರಶ್ನೆ: ಏಳನೇ ಕ್ಲಾಸಿನ ಮಕ್ಕಳಿಗೆ ವೈರಸ್ ಬಗ್ಗೆ ಪಾಠ ಮಾಡುತ್ತಿದ್ದೆ. 'ಫ್ಲೂ ವೈರಸ್ ನಮ್ಮಿಂದ ತಪ್ಪಿಸಿಕೊಳ್ಳಲು ವೇಷ ಬದಲಿಸುತ್ತದೆ' ಎಂದು ಹೇಳಿದೆ. ಒಬ್ಬ ಹುಡುಗ ಎದ್ದು ನಿಂತು 'ಟೀಚರ್, ಅದಕ್ಕೆ ಮೆದುಳು ಇಲ್ಲವಲ್ಲ, ಬದಲಿಸಬೇಕು ಅಂತ ಗೊತ್ತಾಗುವುದು ಹೇಗೆ?' ಎಂದ. ಏನು ಹೇಳಲಿ? — ಶಿಕ್ಷಕಿ, ನೀರ್ಚಾಲು

ಆ ಹುಡುಗನಿಗೆ ನನ್ನ ಲೆಕ್ಕದಲ್ಲಿ ಒಂದು ಪೆನ್ ಕೊಡಿ. ಟೀಚರ್, ತಪ್ಪು ನಿಮ್ಮದಲ್ಲ. ಪೇಪರಿನವರೂ ಟಿವಿಯವರೂ ಹಾಗೆಯೇ ಹೇಳುತ್ತಾರೆ. ವೈರಸ್ ಜಾಣ, ವೈರಸ್ ಕಪಟಿ ಎಂದು. ಅದಕ್ಕೆ ಯಾವ ಜಾಣತನವೂ ಇಲ್ಲ. ಅದು ಪ್ರತಿ ಮಾಡುವುದರಲ್ಲಿ ಬಹಳ ಕೆಟ್ಟದು. ಕಥೆ ಇರುವುದು ಅಲ್ಲಿ.

ನನ್ನ ಅಜ್ಜ ಯಕ್ಷಗಾನ ಪ್ರಸಂಗಗಳನ್ನು ಲಾಟೀನಿನ ಬೆಳಕಲ್ಲಿ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಿದ್ದರು. ಬೇರೆಯವರ ಪುಸ್ತಕ, ನಾಳೆ ವಾಪಸ್ ಕೊಡಬೇಕು. ಅವಸರ. ಅಲ್ಲೊಂದು ಅಕ್ಷರ ಬಿಡುತ್ತಿತ್ತು, ಇಲ್ಲೊಂದು ಒತ್ತು ಬದಲಾಗುತ್ತಿತ್ತು. ಅಜ್ಜನ ಪ್ರತಿಯಿಂದ ಇನ್ನೊಬ್ಬರು ಇಳಿಸಿಕೊಂಡರೆ ಆ ತಪ್ಪೂ ಹೋಯಿತು, ಅದರ ಮೇಲೆ ಹೊಸ ತಪ್ಪೂ ಸೇರಿತು. ಕುಂಬಳೆ ಸೀಮೆಯಲ್ಲಿ ಇಂಥ ಪುಸ್ತಕಗಳು ಇನ್ನೂ ಎಷ್ಟೋ ಮನೆಯ ಅಟ್ಟದಲ್ಲಿವೆ. ಎರಡನ್ನು ಪಕ್ಕ ಪಕ್ಕ ಇಟ್ಟರೆ ಯಾವುದು ಯಾವುದರಿಂದ ಬಂತು ಎಂದು ತಪ್ಪುಗಳಿಂದಲೇ ಹೇಳಬಹುದು. ವೈರಸ್ಸಿನ ವಂಶಾವಳಿ ಬರೆಯುವವರು ಮಾಡುವುದೂ ಅಷ್ಟೇ.

ಫ್ಲೂ ವೈರಸ್ಸಿನ ಪುಸ್ತಕ ಸಣ್ಣದು. ಆರ್‌ಎನ್‌ಎಯಲ್ಲಿ ಬರೆದ ಸುಮಾರು 13,500 ಅಕ್ಷರ. ಎಂಟು ಬಿಡಿ ಹಾಳೆಗಳಲ್ಲಿ ಇದೆ, ಹೊಲಿದಿಲ್ಲ. (ಈ ಬಿಡಿ ಹಾಳೆಯ ಸಂಗತಿ ಮುಂದೆ ಬೇಕಾಗುತ್ತದೆ, ನೆನಪಿರಲಿ.) ನಮ್ಮ ಜೀವಕೋಶ ತನ್ನ ಡಿಎನ್‌ಎ ಪ್ರತಿ ಮಾಡಿದ ಮೇಲೆ ತಿದ್ದಿ ನೋಡುತ್ತದೆ. ಕೊರೋನಾ ವೈರಸ್ಸಿಗೂ ಒಂದು ತಿದ್ದುವ ಕಿಣ್ವ ಇದೆ. ಫ್ಲೂ ವೈರಸ್ಸಿಗೆ ಅದು ಇಲ್ಲವೇ ಇಲ್ಲ. ಒಂದು ಪೂರ್ತಿ ಪ್ರತಿ ಮಾಡುವಷ್ಟರಲ್ಲಿ ಹೆಚ್ಚುಕಡಿಮೆ ಒಂದೆರಡು ತಪ್ಪು ಆಗಿಯೇ ಆಗುತ್ತದೆ. ಒಂದು ಜೀವಕೋಶದಿಂದ ಸಾವಿರಗಟ್ಟಲೆ ಮರಿ ಹೊರಗೆ ಬರುತ್ತವೆ. ಲೆಕ್ಕ ಹಾಕಿ.

ಹೆಚ್ಚಿನ ತಪ್ಪುಗಳಿಂದ ವೈರಸ್ಸಿಗೇ ನಷ್ಟ. ತಾಳ ತಪ್ಪಿದ ಪದ್ಯವನ್ನು ಭಾಗವತರು ಹಾಡುವುದಿಲ್ಲವಲ್ಲ, ಹಾಗೆ ಆ ಪ್ರತಿ ಅಲ್ಲಿಗೇ ಮುಗಿಯಿತು. ಕೆಲವು ತಪ್ಪುಗಳಿಂದ ಏನೂ ಆಗುವುದಿಲ್ಲ. ಎಲ್ಲೋ ಒಂದು, ಸುಮ್ನೆ ಅದೃಷ್ಟಕ್ಕೆ, ಮುಳ್ಳಿನ ತಲೆಯ ಆ ಏಳು ಜಾಗದಲ್ಲಿ ಬೀಳುತ್ತದೆ. ಊರಲ್ಲಿ ಅರ್ಧ ಜನಕ್ಕೆ ಹಳೆಯ ತಲೆಯ ಮುಟ್ಟಾಳೆ ಇದೆ. ಹಳೆಯ ವೈರಸ್ಸಿಗೆ ಹೋದ ಮನೆಯಲ್ಲೆಲ್ಲ ಬಾಗಿಲು ಮುಚ್ಚಿದೆ. ಹೊಸದಕ್ಕೆ ತೆರೆದಿದೆ. ಎರಡು ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಹೊಸದೇ ತುಂಬಿರುತ್ತದೆ.

ಹುಡುಗನಿಗೆ ಹೀಗೆ ಹೇಳಿ. ವೈರಸ್ ವೇಷ ಬದಲಿಸುವುದಿಲ್ಲ. ತಪ್ಪು ತಪ್ಪಾಗಿ ಸಾವಿರ ವೇಷ ಕಟ್ಟುತ್ತದೆ. ಗುರುತು ಸಿಕ್ಕವರನ್ನು ನಾವು ರಂಗದಿಂದ ಓಡಿಸುತ್ತೇವೆ. ಗುರುತು ಸಿಗದ ಒಬ್ಬ ಉಳಿದು ಕುಣಿಯುತ್ತಾನೆ. ಆರಿಸುವವರು ನಾವೇ.

ಪ್ರಶ್ನೆ: ನನ್ನ ಗಂಡ ಶಾರ್ಜಾದಲ್ಲಿ ಕೆಲಸ. ಅಕ್ಟೋಬರ್‌ನಲ್ಲಿ ಅಲ್ಲಿ ಫ್ಲೂ ಲಸಿಕೆ ತೆಗೆದುಕೊಂಡರು, ಉತ್ತರ ಗೋಳಾರ್ಧದ್ದು. ಮೇ ತಿಂಗಳಲ್ಲಿ ಊರಿಗೆ ಬಂದಾಗ ಇಲ್ಲಿನ ಡಾಕ್ಟರು 'ದಕ್ಷಿಣ ಗೋಳಾರ್ಧದ್ದು ಬಂದಿದೆ, ಅತ್ತೆ ಮಾವನಿಗೆ ಹಾಕಿಸಿ' ಎನ್ನುತ್ತಾರೆ. ಉಪ್ಪಳ ಯಾವಾಗ ಭೂಮಧ್ಯರೇಖೆ ದಾಟಿತು? — ಗೃಹಿಣಿ, ಉಪ್ಪಳ

ಓದಿ ನಕ್ಕುಬಿಟ್ಟೆ. ಉಪ್ಪಳ ಎಲ್ಲೂ ಹೋಗಿಲ್ಲ. ಕಾಸರಗೋಡು ಭೂಮಧ್ಯರೇಖೆಯಿಂದ ಹನ್ನೆರಡೂವರೆ ಡಿಗ್ರಿ ಉತ್ತರದಲ್ಲಿಯೇ ಇದೆ. ಲಸಿಕೆಯ ಹೆಸರು ಭೂಗೋಳದ್ದು, ಲೆಕ್ಕ ಮಾತ್ರ ಕ್ಯಾಲೆಂಡರಿನದ್ದು.

ಫ್ಲೂ ವೈರಸ್ ಎಲ್ಲಿ ಹೇಗೆ ಬದಲಾಗುತ್ತಿದೆ ಎಂದು ನೋಡುವ ಒಂದು ಜಾಲ 1952ರಿಂದ ಇದೆ. ವಿಶ್ವ ಆರೋಗ್ಯ ಸಂಸ್ಥೆಯದ್ದು. ನೂರಕ್ಕೂ ಹೆಚ್ಚು ದೇಶಗಳ ಪ್ರಯೋಗಾಲಯಗಳು ಅದರಲ್ಲಿವೆ. ನಮ್ಮ ದೇಶದಲ್ಲಿ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಇದೆ, ಆಲಪ್ಪುಳದಲ್ಲಿ ಅದರ ಒಂದು ಘಟಕ ಇದೆ. ಆಸ್ಪತ್ರೆಯಲ್ಲಿ ಮೂಗು ಗಂಟಲಿಗೆ ಕಡ್ಡಿ ಹಾಕಿ ತೆಗೆಯುತ್ತಾರಲ್ಲ, ಅಂಥ ಮಾದರಿಗಳು ಹೀಗೆ ಮೇಲೆ ಮೇಲೆ ಹೋಗುತ್ತವೆ. ವೈರಸ್ಸಿನ ಅಕ್ಷರ ಓದುತ್ತಾರೆ. ಫೆರೆಟ್ ಎಂಬ ಮುಂಗುಸಿಯಂಥ ಪ್ರಾಣಿಯ ರಕ್ತದಿಂದ ತೆಗೆದ ಪ್ರತಿಕಾಯ ಹಾಕಿ, ಹಳೆಯ ಮುಟ್ಟಾಳೆ ಹೊಸ ತಲೆಗೆ ಕೂರುತ್ತದಾ ಎಂದು ನೋಡುತ್ತಾರೆ. ಆಮೇಲೆ ವರ್ಷಕ್ಕೆ ಎರಡು ಸಲ ಸಭೆ ಸೇರುತ್ತಾರೆ. ಫೆಬ್ರವರಿಯಲ್ಲಿ ಉತ್ತರದ ಚಳಿಗಾಲಕ್ಕೆ ಆರಿಸುತ್ತಾರೆ, ಸೆಪ್ಟೆಂಬರ್‌ನಲ್ಲಿ ದಕ್ಷಿಣದ ಚಳಿಗಾಲಕ್ಕೆ.

ಅಷ್ಟು ಮೊದಲೇ ಯಾಕೆ? ಲಸಿಕೆ ಬೆಳೆಸಿ, ಪರೀಕ್ಷೆ ಮಾಡಿ, ಸಿರಿಂಜಿಗೆ ತುಂಬಿಸಲು ಸುಮಾರು ಆರು ತಿಂಗಳು ಬೇಕು. ವೈರಸ್ ಆ ಆರು ತಿಂಗಳು ಸುಮ್ಮನೆ ಕೂರುವುದಿಲ್ಲ. 2014ರಲ್ಲಿ ಹಾಗೇ ಆಯಿತು. ಫೆಬ್ರವರಿಯಲ್ಲಿ 2012ರ ಟೆಕ್ಸಾಸ್‌ನ ಒಂದು ಎಚ್3ಎನ್2 ತಳಿಯನ್ನು ಆರಿಸಿದರು. ಚಳಿಗಾಲ ಬರುವಷ್ಟರಲ್ಲಿ ಬೇರೆಯೇ ಕವಲು ಎಲ್ಲ ಕಡೆ ತುಂಬಿತ್ತು. ಆ ವರ್ಷ ಅಮೆರಿಕದಲ್ಲಿ ಲಸಿಕೆಯ ಪ್ರಯೋಜನ ನೂರಕ್ಕೆ 19ಕ್ಕೆ ಇಳಿಯಿತು. ಆರಿಸಿದವರು ದಡ್ಡರಲ್ಲ. ಅಡಿಕೆ ರೇಟು ಆರು ತಿಂಗಳ ಮೊದಲೇ ಹೇಳಿ ನೋಡೋಣ ಎಂದ ಹಾಗೆ ಇದು.

ಈಗ ನಿಮ್ಮ ಮನೆಗೆ ಬರೋಣ. ಭಾರತದಲ್ಲಿ ಫ್ಲೂ ಎರಡು ಸಲ ಏರುತ್ತದೆ, ಜನವರಿಯಿಂದ ಮಾರ್ಚ್ ಒಳಗೆ ಒಮ್ಮೆ, ಮಳೆಗಾಲದಲ್ಲಿ ಮತ್ತೊಮ್ಮೆ. ಕಾಶ್ಮೀರದಲ್ಲಿ ಚಳಿಗಾಲದ್ದೇ ದೊಡ್ಡದು. ನಮ್ಮ ಕರಾವಳಿಯಲ್ಲಿ ಮಳೆಗಾಲದ್ದು ಜೋರು. ಜೂನ್‌ನಲ್ಲಿ ಶಾಲೆ ಶುರು, ಮಕ್ಕಳು ಒದ್ದೆ ಕೊಡೆ ಹಿಡಿದು ಒಂದೇ ಕೋಣೆಯಲ್ಲಿ. ಮತ್ತೆ ಹೇಳಬೇಕಾ? ಈ ಮಳೆಗಾಲಕ್ಕೆ ಸರಿಯಾಗಿ, ಬಿಸು (ಏಪ್ರಿಲ್ ಮಧ್ಯ) ಕಳೆದ ಹೊತ್ತಿಗೆ ಕೈಗೆ ಸಿಗುವ ಹೊಸ ಲಸಿಕೆ ಸೆಪ್ಟೆಂಬರ್ ಸಭೆಯದ್ದು, ಅಂದರೆ 'ದಕ್ಷಿಣದ್ದು'. ಚುಚ್ಚಿಸಿದ ಮೇಲೆ ಮೈ ತಯಾರಾಗಲು ಎರಡು ವಾರ ಬೇಕು. ಅದಕ್ಕೇ ನಾನು ಬಿಸು ಮತ್ತು ಪತ್ತನಾಜೆಯ ನಡುವೆ ಎನ್ನುವುದು.

ಎಷ್ಟೋ ವರ್ಷ ಎರಡೂ ಪೊಟ್ಟಣದಲ್ಲಿ ಹೆಚ್ಚಿನ ತಳಿಗಳು ಒಂದೇ ಆಗಿರುತ್ತವೆ. ಆದರೆ ಲಸಿಕೆಯ ಬಲ ತಿಂಗಳು ಕಳೆದ ಹಾಗೆ ಇಳಿಯುತ್ತದೆ. ಅಕ್ಟೋಬರ್‌ನಲ್ಲಿ ಹಾಕಿಸಿದ್ದು ಜುಲೈಗೆ ಹಳತಾಯಿತು. ಅತ್ತೆ ಮಾವನಿಗೆ ಈಗ ಹಾಕಿಸಿ. ಗಂಡ ಗಟ್ಟಿಮುಟ್ಟು ಇದ್ದಾರೆ, ತಿಂಗಳಲ್ಲಿ ವಾಪಸ್ ಹೋಗುತ್ತಾರೆ ಎಂದಾದರೆ ಅಕ್ಟೋಬರ್‌ನ ಅಲ್ಲಿನದ್ದೇ ಸಾಕು.

ಪ್ರಶ್ನೆ: ನನ್ನದು ಮೆಡಿಕಲ್ ಶಾಪ್. ಮೊದಲು ಬರುತ್ತಿದ್ದ ಫ್ಲೂ ಲಸಿಕೆಯ ಪೆಟ್ಟಿಗೆ ಮೇಲೆ ನಾಲ್ಕು ತಳಿ ಇತ್ತು. ಈಗ ಮೂರು ಇರುವುದು ಬರುತ್ತಿದೆ. ಗಿರಾಕಿಗಳು 'ಒಂದು ಕಡಿಮೆ ಮಾಡಿದ್ದೀರಿ, ರೇಟು ಕಡಿಮೆ ಮಾಡಿ' ಎನ್ನುತ್ತಾರೆ. ಮತ್ತೆ ಅದರ ಮೇಲೆ ಊರಿನ ಹೆಸರು ಯಾಕೆ ಬರೆಯುತ್ತಾರೆ? — ಕುಂಬಳೆ

ರೇಟಿನ ವಿಷಯ ನಿಮಗೂ ಗಿರಾಕಿಗೂ ಬಿಟ್ಟದ್ದು. ಊರಿನ ಹೆಸರು ಹೇಳುತ್ತೇನೆ. 'ಎ/ಡಾರ್ವಿನ್/9/2021 (ಎಚ್3ಎನ್2)' ಎಂದು ಕೆಲವು ವರ್ಷದ ಹಿಂದಿನ ಪೆಟ್ಟಿಗೆಯಲ್ಲಿ ನೋಡಿರುತ್ತೀರಿ. ಎ ಎಂದರೆ ಫ್ಲೂವಿನ ಜಾತಿ. ಡಾರ್ವಿನ್ ಎಂದರೆ ಮಾದರಿ ಸಿಕ್ಕಿದ ಊರು, ಆಸ್ಟ್ರೇಲಿಯಾದ ಉತ್ತರದ ತುದಿಯಲ್ಲಿದೆ. 9 ಎಂದರೆ ಪ್ರಯೋಗಾಲಯ ಆ ಮಾದರಿಗೆ ಕೊಟ್ಟ ನಂಬರು. 2021 ವರ್ಷ. ವಿಕಾಸವಾದದ ಡಾರ್ವಿನ್ ಹೆಸರನ್ನೇ ಆ ಊರಿಗೆ ಇಟ್ಟದ್ದು. ವರ್ಷ ವರ್ಷ ವಿಕಾಸವಾಗುವ ವೈರಸ್ಸಿಗೆ ಅದೇ ಹೆಸರು ಬಂತು ನೋಡಿ.

ಈಗ ನಾಲ್ಕು ಮೂರಾದ ಕಥೆ. ಇದು ನನಗೆ ಬಹಳ ಇಷ್ಟದ್ದು.

ಎಚ್3ಎನ್2 ವೈರಸ್ಸಿನ ಐವತ್ತು ಅರುವತ್ತು ವರ್ಷದ ವಂಶವೃಕ್ಷ ಬಿಡಿಸಿದರೆ ಅದು ಮಾವಿನ ಮರದ ಹಾಗೆ ಹರಡುವುದಿಲ್ಲ. ಅಡಿಕೆ ಮರದ ಹಾಗೆ ಕಾಣುತ್ತದೆ. ಒಂದೇ ತೆಳು ಕಾಂಡ, ಸೀದಾ ಮೇಲೆ. ಅಲ್ಲಲ್ಲಿ ಸೋಗೆ ಹೊರಡುತ್ತದೆ, ಎರಡು ಮೂರು ವರ್ಷದಲ್ಲಿ ಒಣಗಿ ಬೀಳುತ್ತದೆ. ಉಳಿಯುವುದು ಕಾಂಡದ ಉಂಗುರ ಮಾತ್ರ. ಅಂದರೆ ಒಂದು ಕಾಲಕ್ಕೆ ಹತ್ತಾರು ಕವಲು ಇದ್ದರೂ ಮುಂದಕ್ಕೆ ಸಂತಾನ ಉಳಿಯುವುದು ಒಂದಕ್ಕೆ. ಹಾಗಾಗಿ 'ಯಾವ ಸೋಗೆ ನಾಳೆಯ ಕಾಂಡ ಆಗುತ್ತದೆ' ಎಂದು ಹೇಳುವುದೇ ಲಸಿಕೆ ಆರಿಸುವವರ ಕೆಲಸ.

ಬಿ ಜಾತಿಯ ಫ್ಲೂ ನಿಧಾನ. ಅದರಲ್ಲಿ 1980ರ ದಶಕದಲ್ಲಿ ಅಪರೂಪಕ್ಕೆ ಕಾಂಡವೇ ಎರಡಾಯಿತು. ಒಂದು ಕವಲಿಗೆ ವಿಕ್ಟೋರಿಯಾ ಎಂದು ಹೆಸರು, ಇನ್ನೊಂದಕ್ಕೆ ಜಪಾನಿನ ಯಾಮಗಾಟ ಎಂದು. ಮೂರು ತಳಿಯ ಲಸಿಕೆ ಮಾಡುವಾಗ ಪ್ರತಿ ವರ್ಷ ಈ ಎರಡರಲ್ಲಿ ಒಂದನ್ನು ಆರಿಸಬೇಕಿತ್ತು. ಎಷ್ಟೋ ಸಲ ತಪ್ಪುತ್ತಿತ್ತು. ಸಾಕಪ್ಪ ಎಂದು ಎರಡನ್ನೂ ಹಾಕಿದರು, ನಾಲ್ಕಾಯಿತು. ನಿಮ್ಮ ಹಳೆಯ ಪೆಟ್ಟಿಗೆಯಲ್ಲಿ 'ಬಿ/ಫುಕೆಟ್/3073/2013' ಎಂದು ಇದ್ದದ್ದು ಆ ಯಾಮಗಾಟ ಕವಲು.

ಆಮೇಲೆ 2020 ಬಂತು. ಮಾಸ್ಕು, ಮುಚ್ಚಿದ ಶಾಲೆ, ನಿಂತ ವಿಮಾನ. ಗಡಿಯ ತಲಪಾಡಿಯಲ್ಲಿ ರಸ್ತೆಗೆ ಮಣ್ಣು ಸುರಿದದ್ದನ್ನು ನಾವು ಮರೆಯಲು ಉಂಟಾ? ಕೊರೋನಾ ನಿಲ್ಲಲಿಲ್ಲ, ಆದರೆ ಅದಕ್ಕಿಂತ ನಿಧಾನ ಹರಡುವ ಫ್ಲೂ ಪ್ರಪಂಚದಲ್ಲೆಲ್ಲ ಕುಸಿದುಬಿತ್ತು. ಉಳಿದ ತಳಿಗಳು ಮರಳಿದವು. ಯಾಮಗಾಟ ಮರಳಲಿಲ್ಲ. ಮಾರ್ಚ್ 2020ರ ನಂತರ ಅದು ಖಚಿತವಾಗಿ ಎಲ್ಲೂ ಸಿಕ್ಕಿಲ್ಲ. ಇನ್ನು ಅದನ್ನು ಲಸಿಕೆಗೆ ಹಾಕುವ ಅಗತ್ಯ ಇಲ್ಲ ಎಂದು ಸೆಪ್ಟೆಂಬರ್ 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಗಿರಾಕಿಗಳಿಗೆ ಹೇಳಿ, ನಾವು ಕಡಿಮೆ ಮಾಡಿದ್ದಲ್ಲ, ಶತ್ರುವೇ ಒಬ್ಬ ಕಡಿಮೆಯಾದ ಎಂದು. ನಾಲ್ಕು ಇರುವುದು ಸಿಕ್ಕಿದರೂ ತೊಂದರೆ ಇಲ್ಲ. ಲಾಭವೂ ಇಲ್ಲ.

ಪ್ರಶ್ನೆ: 2009ರಲ್ಲಿ ಎಚ್1ಎನ್1 ಬಂದಾಗ ನಮ್ಮ ಕೂಡುಕುಟುಂಬದಲ್ಲಿ ಮಕ್ಕಳು, ಯುವಕರು ಎಲ್ಲ ಮಲಗಿದರು. ಎಲ್ಲರ ಆರೈಕೆ ಮಾಡಿದ್ದು ಅಮ್ಮ. ಆಗ ಅವರಿಗೆ 68. ಒಂದು ಸೀನೂ ಬರಲಿಲ್ಲ. 'ನಮ್ಮ ಕಾಲದ ಗಂಜಿ, ಕುಚ್ಚಲಕ್ಕಿ' ಎನ್ನುತ್ತಾರೆ. ಈಗ ಲಸಿಕೆ ಬೇಡ ಎಂದು ಹಟ. — ಮಂಜೇಶ್ವರ

ಕುಚ್ಚಲಕ್ಕಿ ಗಂಜಿಯ ಮೇಲೆ ನನಗೂ ಗೌರವ ಇದೆ. ಆದರೆ ನಿಮ್ಮ ಅಮ್ಮನನ್ನು ಕಾದದ್ದು ಅವರು ಹುಟ್ಟಿದ ವರ್ಷ.

1918ರಲ್ಲಿ ಮುಂಬೈ ಬಂದರಿನಿಂದ ದೇಶದೊಳಗೆ ಹೊಕ್ಕು ಒಂದು ಕೋಟಿಗೂ ಮೇಲೆ ಜನರನ್ನು ಕೊಂದದ್ದು ಎಚ್1ಎನ್1. ಅದರ ಸಂತಾನ 1957ರವರೆಗೆ ಊರೂರು ಸುತ್ತುತ್ತಿತ್ತು. ಆಮೇಲೆ ಎಚ್2ಎನ್2 ಬಂತು. 1968ರಲ್ಲಿ ಅದನ್ನು ಓಡಿಸಿ ಎಚ್3ಎನ್2 ಬಂತು. ನಿಮ್ಮ ಅಮ್ಮ ಹುಟ್ಟಿದ್ದು 1941ರ ಸುಮಾರಿಗೆ. ಅವರಿಗೆ ಬಾಲ್ಯದಲ್ಲಿ ಮೊದಲು ತಾಗಿದ ಫ್ಲೂ ಹಳೆಯ ಎಚ್1ಎನ್1 ಆಗಿರಬೇಕು. 2009ರದ್ದು ಹಂದಿಯಿಂದ ಬಂತು. ಅದರ ಎಚ್ ಮುಳ್ಳೂ ಆ 1918ರ ವಂಶದ್ದೇ, ಹಂದಿಗಳಲ್ಲಿ ಅಷ್ಟಾಗಿ ಬದಲಾಗದೆ ಉಳಿದಿತ್ತು. ಅಮ್ಮನ ಮೈಗೆ ಅರುವತ್ತು ವರ್ಷದ ಹಿಂದಿನ ಮುಖ ನೆನಪಿತ್ತು. ನನ್ನ ಕ್ಲಿನಿಕ್‌ನಲ್ಲೂ ಆ ವರ್ಷ ಅದನ್ನೇ ಕಂಡೆ. ಮೊಮ್ಮಗನನ್ನು ಎತ್ತಿಕೊಂಡು ಬಂದ ಅಜ್ಜಿ ಗಟ್ಟಿ, ಹಿಂದೆ ಬಂದ ಮಗ ಕೆಮ್ಮುತ್ತಿದ್ದ.

ಮೈ ಮೊದಲು ಕಂಡ ಫ್ಲೂವನ್ನು ಮರೆಯುವುದಿಲ್ಲ. ಎಷ್ಟು ಎಂದರೆ, ಹೊಸದು ಬಂದಾಗಲೂ ಹಳೆಯದರ ಮುಟ್ಟಾಳೆಯನ್ನೇ ಹೊಲಿಯಲು ಕೂರುತ್ತದೆ. ಅಮೆರಿಕದ ಥಾಮಸ್ ಫ್ರಾನ್ಸಿಸ್ ಎಂಬ ವೈದ್ಯ 1960ರಲ್ಲಿ ಇದನ್ನು 'ಮೂಲ ಪಾಪ' ಎಂದು ಕರೆದರು. ಪಾಪ ಎನ್ನುವುದು ಸ್ವಲ್ಪ ಜಾಸ್ತಿಯಾಯಿತು. ನಿಮ್ಮ ಅಮ್ಮನ ವಿಷಯದಲ್ಲಿ ಅದು ಪುಣ್ಯವೇ ಆಯಿತಲ್ಲ. ಆದರೆ ಇದಕ್ಕೆ ಇನ್ನೊಂದು ಬದಿ ಇದೆ. 1968ಕ್ಕೆ ಎಷ್ಟೋ ಮೊದಲು ಹುಟ್ಟಿದವರಿಗೆ ಎಚ್3ಎನ್2 ಬಾಲ್ಯದ ಪರಿಚಯ ಅಲ್ಲ. ಎಚ್3ಎನ್2 ಜೋರಾಗುವ ವರ್ಷ ಹಿರಿಯರಿಗೇ ಹೆಚ್ಚು ಕಷ್ಟ. ಅಮ್ಮನಿಗೆ ಇದನ್ನೇ ಹೇಳಿ. ಹಟ ಬಿಡದಿದ್ದರೆ ಒಂದು ದಿನ ಕರೆದುಕೊಂಡು ಬನ್ನಿ, ನಾವಿಬ್ಬರೇ ಮಾತಾಡುತ್ತೇವೆ.

ಪ್ರಶ್ನೆ: ಫ್ಲೂ ಲಸಿಕೆಯನ್ನು ಕೋಳಿಮೊಟ್ಟೆಯಲ್ಲಿ ಬೆಳೆಸುತ್ತಾರಂತೆ. ನಮ್ಮ ಮನೆಯಲ್ಲಿ ಮೊಟ್ಟೆ ತರುವುದಿಲ್ಲ. ಏನು ಮಾಡುವುದು? — ಮುಳ್ಳೇರಿಯ

ಹೌದು, ಹೆಚ್ಚಿನ ಫ್ಲೂ ಲಸಿಕೆ ಇವತ್ತಿಗೂ ಮರಿ ಬೆಳೆಯುತ್ತಿರುವ ಮೊಟ್ಟೆಯಲ್ಲೇ ತಯಾರಾಗುತ್ತದೆ. ಆಮೇಲೆ ವೈರಸ್ಸನ್ನು ಕೊಂದು, ಒಡೆದು, ಶುದ್ಧ ಮಾಡುತ್ತಾರೆ. ಮೊಟ್ಟೆಯ ಅಂಶ ತೀರಾ ಅತ್ಯಲ್ಪ ಉಳಿಯಬಹುದು. ಮಡಿಯ ತೀರ್ಮಾನ ನಿಮ್ಮದು, ಅದರಲ್ಲಿ ನಾನು ಕೈ ಹಾಕುವುದಿಲ್ಲ. ನನ್ನ ಮನೆಯಲ್ಲೂ ಮೊಟ್ಟೆ ತರುವುದಿಲ್ಲ, ನಾನು ಪ್ರತಿ ವರ್ಷ ಚುಚ್ಚಿಸಿಕೊಳ್ಳುತ್ತೇನೆ. ಮೊಟ್ಟೆ ತಿಂದು ಮೈ ಊದಿಕೊಂಡ ಅಲರ್ಜಿ ಇದ್ದರೆ ಮಾತ್ರ ಮೊದಲೇ ಡಾಕ್ಟರಿಗೆ ಹೇಳಿ.

ಮೊಟ್ಟೆಯಿಂದ ನಿಜವಾದ ತಲೆನೋವು ಬೇರೆಯೇ ಇದೆ. ಮನುಷ್ಯರ ಫ್ಲೂ ಮೊಟ್ಟೆಯಲ್ಲಿ ಚೆನ್ನಾಗಿ ಬೆಳೆಯುವುದಿಲ್ಲ. ಅದಕ್ಕೆ ಒಂದು ಉಪಾಯ ಇದೆ. ಎಂಟು ಬಿಡಿ ಹಾಳೆ ಎಂದಿದ್ದೆನಲ್ಲ? ಒಂದೇ ಜೀವಕೋಶಕ್ಕೆ ಎರಡು ಬೇರೆ ವೈರಸ್ ಹೊಕ್ಕರೆ ಹಾಳೆಗಳು ಕಲಸಿಹೋಗುತ್ತವೆ. ಅದನ್ನೇ ಬೇಕೆಂದು ಮಾಡುತ್ತಾರೆ. 1934ರಲ್ಲಿ ಪ್ಯೂರ್ಟೊ ರಿಕೊದಲ್ಲಿ ಸಿಕ್ಕ, ಮೊಟ್ಟೆಗೆ ಚೆನ್ನಾಗಿ ಒಗ್ಗಿದ ಒಂದು ಹಳೆಯ ವೈರಸ್ಸಿನ ಆರು ಹಾಳೆ, ಹೊಸದರ ಎಚ್ ಮತ್ತು ಎನ್ (ವೈರಸ್ಸಿನ ಮೈಮೇಲಿನ ಇನ್ನೊಂದು ಮುಳ್ಳು) ಎಂಬ ಎರಡು ಹಾಳೆ. ನಮ್ಮ ಕಾಸರಗೋಡಿನ ಸಿಪಿಸಿಆರ್‌ಐ ಎಂಬ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಲ್ಲಿ ಗಿಡ್ಡ ತಳಿಯನ್ನೂ ಎತ್ತರದ ತಳಿಯನ್ನೂ ಕೂಡಿಸಿ ಚಂದ್ರಸಂಕರ ತೆಂಗು ಮಾಡಿದ ಹಾಗೆ. ಫಸಲು ಅದರದ್ದು, ಮುಖ ಇದರದ್ದು.

ಇಷ್ಟಾದರೂ ಮುಳ್ಳಿನ ತಲೆ ಕೋಳಿಯ ಜೀವಕೋಶ ಹಿಡಿಯಬೇಕಲ್ಲ. ಹಿಡಿಯಲು ಸುಲಭವಾಗುವ ತಪ್ಪುಗಳು ಮೊಟ್ಟೆಯೊಳಗೆ ಆಯ್ಕೆಯಾಗಿಬಿಡುತ್ತವೆ. ಅದೇ ಗುಳಿಯ ಬದಿಯಲ್ಲಿ! ಆಗ ಊರಲ್ಲಿ ಓಡಾಡುವ ವೈರಸ್ಸಿನ ತಲೆ ಒಂದು, ಲಸಿಕೆಯದ್ದು ಇನ್ನೊಂದು. ಸಭೆಯಲ್ಲಿ ಸರಿಯಾಗಿ ಆರಿಸಿದರೂ ಹೊಂದಿಕೆ ತಪ್ಪುತ್ತದೆ. ಎಚ್3ಎನ್2ಗೆ 2016–17ರ ಲಸಿಕೆಯಲ್ಲಿ ಹೀಗೇ ಆಗಿತ್ತು. ಅದಕ್ಕೆ ಈಗ ಮೊಟ್ಟೆ ಬಿಟ್ಟು ಪ್ರಾಣಿಯ ಜೀವಕೋಶಗಳಲ್ಲಿ ಬೆಳೆಸುವ ಲಸಿಕೆ, ವೈರಸ್ಸೇ ಬೇಡ ಎಂದು ಮುಳ್ಳನ್ನು ಮಾತ್ರ ತಯಾರಿಸುವ ಲಸಿಕೆ ಕೂಡ ಬಂದಿವೆ.

ಪ್ರಶ್ನೆ: ಆಲಪ್ಪುಳದಲ್ಲಿ ಬಾತುಕೋಳಿಗಳಿಗೆ ಹಕ್ಕಿಜ್ವರ ಎಂದು ಓದಿದೆ. ಈ ಲಸಿಕೆ ಅದಕ್ಕೂ ಆಗುತ್ತದಾ? — ಅಡೂರು

ಆಗುವುದಿಲ್ಲ. ಅದು ಎಚ್5. ಅದರ ಮುಳ್ಳು ಹಕ್ಕಿಯ ಜೀವಕೋಶಕ್ಕೆ ಒಗ್ಗಿದ್ದು, ಮನುಷ್ಯರ ಗಂಟಲಿಗೆ ಅಷ್ಟಾಗಿ ಅಲ್ಲ. ಭಯ ಇರುವುದು ಬಿಡಿ ಹಾಳೆಗಳದ್ದು. 1957ರಲ್ಲಿ, 1968ರಲ್ಲಿ ಹಕ್ಕಿಯ ಹಾಳೆಗಳು ಮನುಷ್ಯರ ಫ್ಲೂವಿಗೆ ಸೇರಿಯೇ ಜಗತ್ತನ್ನು ಸುತ್ತಿದ್ದು. ಸತ್ತ ಹಕ್ಕಿ ಮುಟ್ಟಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ.

ಪ್ರಶ್ನೆ: ಆಟಿ ಅಮಾವಾಸ್ಯೆಗೆ ಪಾಲೆ ಕೆತ್ತೆಯ ಕಷಾಯ ಕುಡಿದರೆ ಫ್ಲೂ ಬರುವುದಿಲ್ಲವಾ? — ಬದಿಯಡ್ಕ

ಬರುತ್ತದೆ. ನಾನೂ ಕುಡಿಯುತ್ತೇನೆ, ಮೆಂತೆ ಗಂಜಿಯ ಆಸೆಗೆ.

ಪ್ರಶ್ನೆ: ಹೋದ ಮೇ ತಿಂಗಳಲ್ಲಿ ನಿಮ್ಮ ಕ್ಲಿನಿಕ್‌ಗೇ ಬಂದಿದ್ದೆ. 'ಲಸಿಕೆ ಇಲ್ಲ' ಎಂದು ಕಳಿಸಿದಿರಿ. ಫ್ರಿಜ್‌ನಲ್ಲಿ ಪೆಟ್ಟಿಗೆ ಕಾಣುತ್ತಿತ್ತು. ಊರಿಗೆಲ್ಲ ಬುದ್ಧಿ ಹೇಳುತ್ತೀರಿ, ಇದೇನು? — ಹೆಸರು ಬೇಡ

ಹೆಸರು ಬೇಡ ಎಂದರೂ ಅಕ್ಷರ ನೋಡಿ ಯಾರೆಂದು ಗೊತ್ತಾಯಿತು. ನೀವು ಕಂಡದ್ದು ನಿಜ. ಪೆಟ್ಟಿಗೆ ಇತ್ತು, ಲಸಿಕೆ ಕೆಟ್ಟಿತ್ತು. ತಪ್ಪು ನನ್ನದೇ. ಈ ಲಸಿಕೆ 2ರಿಂದ 8 ಡಿಗ್ರಿಯೊಳಗೆ ಇರಬೇಕು. ಬಿಸಿಯೂ ಆಗಬಾರದು, ಹೆಪ್ಪುಗಟ್ಟಲೂಬಾರದು. ಹಿಂದಿನ ದಿನ ಅವಸರದಲ್ಲಿ ಪೆಟ್ಟಿಗೆಯನ್ನು ಐಸ್ ಆಗುವ ಖಾನೆಗೆ ತಾಗಿಸಿ ಇಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಹನ್ನೊಂದು ಸಿರಿಂಜು ಕಲ್ಲಾಗಿತ್ತು. ಕರಗಿಸಿ ಕೊಟ್ಟಿದ್ದರೆ ನಿಮಗೆ ಗೊತ್ತಾಗುತ್ತಿರಲಿಲ್ಲ. ನಾಚಿಕೆಗೆ ಕಾರಣ ಹೇಳಲಿಲ್ಲ, ಅದೂ ತಪ್ಪು. ಈಗ ಲಸಿಕೆಗೇ ಬೇರೆ ಫ್ರಿಜ್, ಒಳಗೆ ಥರ್ಮಾಮೀಟರ್. ದಿನಕ್ಕೆ ಎರಡು ಸಲ ನೋಡಿ ಬರೆದಿಡುತ್ತೇವೆ. ಈ ವರ್ಷದ್ದು ಬಂದಿದೆ. ನಿಮ್ಮ ಹೆಸರಿಗೆ ಒಂದು ತೆಗೆದಿಟ್ಟಿದ್ದೇನೆ, ಶನಿವಾರ ಬೆಳಿಗ್ಗೆ ಬನ್ನಿ.